ಬಿಡಾರವೂ ಒಕ್ಕಲೂ

ಪರರ ಸೂರಿನ ಕೆಳಗೆ ಬಾಳುವುದನ್ನು ಹೇಳಲು ಕನ್ನಡದಲ್ಲಿ ಎರಡು ಮಾತುಗಳಿವೆ. ಒಂದು, ಬಿಡಾರ ಹೂಡುವುದು, ಇನ್ನೊಂದು, ಒಕ್ಕಲಾಗುವುದು. ಮೇಲುನೋಟಕ್ಕೆ ಇವೆರಡೂ ಹತ್ತಿರದ ನೆಂಟರಂತೆ ಕಂಡರೂ ನಡುವಣ ಅಂತರ ದೊಡ್ಡದು. ಬಿಡಾರ ಹೂಡಿದವನು ಗಂಟು ಬಿಚ್ಚುವಾಗಲೇ ಅದನ್ನು ಮತ್ತೆ ಕಟ್ಟುವ ದಿನವನ್ನು ಬಲ್ಲ. ಒಕ್ಕಲಾದವನು ಒಲೆ ಹೂಡುತ್ತಾನೆ, ಹಾಲುಕ್ಕಿಸುತ್ತಾನೆ, ಹೊಸ್ತಿಲಿಗೆ ಅರಿಸಿನ ಕುಂಕುಮ ಇಡಿಸುತ್ತಾನೆ. ನೆರೆಮನೆಯ ಮದುವೆಗೂ ಮಸಣಕ್ಕೂ ಹೋಗುತ್ತಾನೆ. ಬಿಡಾರವನ್ನು ಹೂಡಿದವನೇ ಕೀಳುತ್ತಾನೆ. ಒಕ್ಕಲನ್ನು ಮಾತ್ರ ಬೇರೆಯವರು ಎಬ್ಬಿಸಬೇಕು. ಆದ್ದರಿಂದಲೇ ಬಾಳುತ್ತಿದ್ದವರನ್ನು ಮನೆಯಿಂದ ಹೊರಡಿಸುವ ಕ್ರೂರ ಕೆಲಸಕ್ಕೆ ನಮ್ಮ ಭಾಷೆ 'ಒಕ್ಕಲೆಬ್ಬಿಸುವುದು' ಎಂಬ ಹೆಸರನ್ನು ಕೊಟ್ಟಿತು.

ಈ ಎರಡು ಮಾತುಗಳನ್ನು ನೆನೆಯಲು ಕಾರಣವುಂಟು. ಯುರೋಪಿನ ಪ್ರವಾಸವು ಈಗ ನಮ್ಮ ನಗರಗಳ ಮಧ್ಯಮ ವರ್ಗಕ್ಕೆ ಎಟುಕದ ಹಣ್ಣಾಗಿ ಉಳಿದಿಲ್ಲ. ಹೋಗುವವರಲ್ಲಿ ಅನೇಕರು ಹೋಟೆಲಿನಲ್ಲಿ ಇಳಿಯುವುದಕ್ಕಿಂತ ಊರಿನ ಹಳೆಯ ಕೇರಿಯಲ್ಲಿ ಒಂದು ಮನೆಯನ್ನು ವಾರದ ಮಟ್ಟಿಗೆ ಬಾಡಿಗೆಗೆ ಹಿಡಿಯುವುದನ್ನು ಮೆಚ್ಚುತ್ತಾರೆ. ಅಲ್ಲಿ ಅಡಿಗೆಮನೆ ಇರುತ್ತದೆ. ಅನ್ನ ಸಾರು ಬೇಯಿಸಿಕೊಳ್ಳಬಹುದು. ಮಕ್ಕಳೂ ವಯಸ್ಸಾದವರೂ ಒಂದೇ ಕಡೆ ಇರಬಹುದು. ಹಣವೂ ಕೊಂಚ ಉಳಿಯಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಇವುಗಳ ಹಿಂದೆ ಇನ್ನೊಂದು ಆಸೆ ಇದೆ. ಆ ಊರಿನವರ ಹಾಗೆಯೇ ನಾಲ್ಕು ದಿನ ಬಾಳಿ ನೋಡಬೇಕು ಎಂಬುದು ಆ ಆಸೆ. ೨೦೦೮ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿದ ಏರ್‌ಬಿಎನ್‌ಬಿ ಎಂಬ ಸಂಸ್ಥೆ ೨೦೧೬ರಲ್ಲಿ ಇದನ್ನೇ ತನ್ನ ಜಾಹೀರಾತಿನ ಪಲ್ಲವಿಯಾಗಿ ಮಾಡಿಕೊಂಡಿತು. ಪರಸ್ಥಳಕ್ಕೆ ಸುಮ್ಮನೆ ಹೋಗಿ ಬರಬೇಡಿ, ಅಲ್ಲಿ ಬಾಳಿರಿ ಎಂಬುದು ಅದರ ತಾತ್ಪರ್ಯ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಿಡಾರದ ಹಣಕ್ಕೆ ಒಕ್ಕಲಿನ ಸುಖವನ್ನು ಕೊಡುತ್ತೇವೆ ಎಂಬ ಭರವಸೆ ಅದು.

ಈ ಭರವಸೆ ನಿಜವಾಗಬಲ್ಲುದೆ? ಅದರ ಬೆಲೆಯನ್ನು ಕೊನೆಗೆ ತೆರುವವರು ಯಾರು? ಈ ಪ್ರಶ್ನೆಗಳನ್ನು ಅರ್ಥಶಾಸ್ತ್ರದವರಿಗೆ ಬಿಟ್ಟುಬಿಡುವುದು ಸುಲಭ. ಆದರೆ ಸಾಹಿತ್ಯ ಇವನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. ಹೆನ್ರಿ ಜೇಮ್ಸ್ ೧೮೮೮ರಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಪ್ರಕಟಿಸಿದ 'ದಿ ಆಸ್ಪರ್ನ್ ಪೇಪರ್ಸ್' ಎಂಬ ನೀಳ್ಗತೆ ವೆನಿಸ್ ನಗರದ ಒಂದು ಹಳೆಯ ಮನೆಯಲ್ಲಿ ಬಾಡಿಗೆಗೆ ನಿಂತವನ ಕಥೆ. ವಿಮರ್ಶಕರು ಇದನ್ನು ಸಾಮಾನ್ಯವಾಗಿ ಕವಿಯ ಖಾಸಗಿ ಬಾಳಿಗೂ ಲೋಕದ ಕುತೂಹಲಕ್ಕೂ ನಡೆಯುವ ಜಗಳದ ಕಥೆಯೆಂದು ಓದುತ್ತಾರೆ. ಆ ಓದು ತಪ್ಪಲ್ಲ. ಆದರೆ ಕಥೆಯ ಕೀಲು ಇರುವುದು ಬಾಡಿಗೆಯಲ್ಲಿ ಎಂದು ನನ್ನ ಅಭಿಪ್ರಾಯ. ಬಾಡಿಗೆಯ ಸಂಗತಿಯನ್ನು ಹಿನ್ನೆಲೆಗೆ ತಳ್ಳಿದರೆ ಈ ಕೃತಿಯ ಧ್ವನಿಯಲ್ಲಿ ಅರ್ಧ ನಮಗೆ ಕೇಳಿಸದೆ ಹೋಗುತ್ತದೆ.

ಕಥಾವಸ್ತುವನ್ನು ಮೊದಲು ಸಂಗ್ರಹವಾಗಿ ಹೇಳುತ್ತೇನೆ. ಜೆಫ್ರಿ ಆಸ್ಪರ್ನ್ ಎಂಬುವನು ಸತ್ತು ಬಹುಕಾಲವಾದ ಒಬ್ಬ ಅಮೆರಿಕನ್ ಕವಿ. ಜೇಮ್ಸನ ಕಲ್ಪನೆಯ ಸೃಷ್ಟಿ. ಆ ಕವಿಯ ಭಕ್ತನಾದ ಒಬ್ಬ ಸಂಪಾದಕನೇ ಕಥೆಯನ್ನು ಹೇಳುವವನು. ಅವನ ನಿಜವಾದ ಹೆಸರು ನಮಗೆ ತಿಳಿಯುವುದೇ ಇಲ್ಲ. ಕವಿಯ ಪ್ರಣಯಿನಿಯಾಗಿದ್ದ ಜೂಲಿಯಾನ ಬೋರ್ಡರೋ ಇನ್ನೂ ಬದುಕಿದ್ದಾಳೆ, ವೆನಿಸ್ಸಿನ ಜನಸಂಚಾರವಿಲ್ಲದ ಒಂದು ಕಾಲುವೆಯ ದಡದಲ್ಲಿ ಪಾಳುಬಿದ್ದ ದೊಡ್ಡ ಮನೆಯಲ್ಲಿ ಟೀನಾ ಎಂಬ ನಡುವಯಸ್ಸು ಮೀರಿದ ಬಂಧು ಕನ್ಯೆಯೊಡನೆ ಇದ್ದಾಳೆ, ಕವಿಯ ಪತ್ರಗಳು ಆಕೆಯ ಬಳಿ ಇವೆ ಎಂಬ ಸುದ್ದಿ ಅವನಿಗೆ ಸಿಗುತ್ತದೆ. ಕೇಳಿದರೆ ಕೊಡುವವಳಲ್ಲ. ಆಗ ಪರಿಚಯದ ಹೆಂಗಸೊಬ್ಬಳು ಉಪಾಯ ಹೇಳಿಕೊಡುತ್ತಾಳೆ: ಆ ಮನೆಯಲ್ಲಿ ಬಾಡಿಗೆಗೆ ನಿಲ್ಲು. ಅವನು ಸುಳ್ಳು ಹೆಸರಿನಲ್ಲಿ ಹೋಗಿ, ನನಗೆ ತೋಟವಿರುವ ಮನೆಯೇ ಬೇಕು, ವೆನಿಸ್ಸಿನಲ್ಲಿ ತೋಟ ದುರ್ಲಭ, ನಿಮ್ಮ ತೋಟವನ್ನು ಕಂಡು ಮನಸೋತೆ ಎಂದು ನೆಪ ಹೂಡುತ್ತಾನೆ. ಮುದುಕಿ ಒಪ್ಪುತ್ತಾಳೆ. ಬೇಸಿಗೆಯೆಲ್ಲ ಅವನು ಕಾಯುತ್ತಾನೆ. ಕೊನೆಗೆ ಒಂದು ರಾತ್ರಿ ಕಾಯಿಲೆಯಾಗಿ ಮಲಗಿದ್ದ ಮುದುಕಿಯ ಕೋಣೆಯ ಭಾಗಕ್ಕೆ ನುಸುಳಿ, ಪತ್ರಗಳು ಇರಬಹುದಾದ ಮೇಜಿನ ಮುಚ್ಚಳಕ್ಕೆ ಕೈಹಾಕುತ್ತಾನೆ. ತಿರುಗಿ ನೋಡಿದರೆ ಜೂಲಿಯಾನ ನಿಂತಿದ್ದಾಳೆ. ಎಂದೂ ತೆಗೆಯದ ಕಣ್ಣಿನ ಮರೆಯನ್ನು ಅಂದು ತೆಗೆದಿದ್ದಾಳೆ. ಅವನು ಊರು ಬಿಟ್ಟು ಕೆಲವು ದಿನ ತಲೆತಪ್ಪಿಸಿಕೊಂಡು ಮರಳುವ ವೇಳೆಗೆ ಆಕೆ ತೀರಿಕೊಂಡಿದ್ದಾಳೆ. ಪತ್ರಗಳು ಈಗ ಟೀನಾಳ ಕೈಯಲ್ಲಿ. ಪರಕೀಯರಿಗಾದರೆ ಕೊಡುವ ಹಾಗಿಲ್ಲ, ನೆಂಟನೇ ಆದರೆ ಮಾತು ಬೇರೆ ಎಂದು ಆಕೆ ತಡವರಿಸುತ್ತ ಸೂಚಿಸುತ್ತಾಳೆ. ಅರ್ಥವಾದೊಡನೆ ಅವನು ಓಡಿಹೋಗುತ್ತಾನೆ. ಮರುದಿನ ಮನಸ್ಸು ಬದಲಿಸಿ ಬಂದಾಗ ಆಕೆ ಶಾಂತಳಾಗಿ ಹೇಳುತ್ತಾಳೆ: ಪತ್ರಗಳನ್ನು ಒಂದೊಂದಾಗಿ ಅಡಿಗೆಮನೆಯ ಒಲೆಯಲ್ಲಿ ಸುಟ್ಟೆ.

ಇಷ್ಟು ಕಥೆ. ಈಗ ಬಾಡಿಗೆಯ ವಿಷಯಕ್ಕೆ ಬರೋಣ.

ಜೂಲಿಯಾನ ಕೇಳುವ ಬಾಡಿಗೆ ತಿಂಗಳಿಗೆ ಸಾವಿರ ಫ್ರಾಂಕು. ಆ ಕಾಲದ ವೆನಿಸ್ಸಿನಲ್ಲಿ ಅಷ್ಟು ಹಣಕ್ಕೆ ಮೂಲೆಯ ಹಳೆಯ ಅರಮನೆಯೊಂದು ವರ್ಷಪೂರ್ತಿ ಸಿಕ್ಕುತ್ತಿತ್ತೆಂದು ಹೇಳುವವನೇ ಲೆಕ್ಕ ಹಾಕುತ್ತಾನೆ. ಆದರೂ ಕಣ್ಣು ಮಿಟುಕಿಸದೆ ಒಪ್ಪುತ್ತಾನೆ. ಮೂರು ತಿಂಗಳ ಹಣವನ್ನು ಮುಂಗಡವಾಗಿ ಚಿನ್ನದಲ್ಲಿಯೇ ತಂದೊಪ್ಪಿಸುತ್ತಾನೆ. ಬೆಂಗಳೂರಿನ ವಾಚಕರಿಗೆ ಮುಂಗಡದ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಗಮನಿಸಬೇಕಾದ ಸೂಕ್ಷ್ಮ ಬೇರೊಂದಿದೆ. ಅವನು ಅಷ್ಟು ಸುಲಭವಾಗಿ ಒಪ್ಪಿದ್ದರಿಂದಲೇ ಮುದುಕಿಗೆ, ಈತನಿಗೆ ಬೇಕಾದದ್ದು ಕೋಣೆಗಳಲ್ಲ ಎಂಬ ಶಂಕೆಗೆ ದಾರಿಯಾಗುತ್ತದೆ. ಮನೆಯ ಬೆಲೆಗಿಂತ ಹೆಚ್ಚು ಕೊಡುವವನು ಮನೆಗಿಂತ ಹೆಚ್ಚಿನದೇನನ್ನೋ ಬಯಸಿ ಬಂದಿರುತ್ತಾನೆ. ಬಾಡಿಗೆಯ ಮೊತ್ತವೇ ಅವನ ಬಾಯಿಂದ ಹೊರಬೀಳದ ಸತ್ಯವನ್ನು ಒಪ್ಪಿಕೊಂಡುಬಿಡುತ್ತದೆ. ಜೇಮ್ಸನ ವ್ಯಂಜನಾಶಕ್ತಿ ಇಂಥ ಕಡೆ ನೋಡತಕ್ಕದ್ದು.

ಇನ್ನು ಮುದುಕಿ ಏಕೆ ಒಪ್ಪಿದಳು? ಅವಳು ಬರಿಯ ಬಲಿಪಶುವಲ್ಲ. ತಾನು ಸತ್ತ ಮೇಲೆ ಟೀನಾಳಿಗೆ ಗತಿಯೇನು ಎಂಬ ಚಿಂತೆ ಅವಳನ್ನು ಕಾಡುತ್ತಿದೆ. ಅದಕ್ಕಾಗಿಯೇ ಬಾಡಿಗೆ ಏರಿಸುತ್ತಾಳೆ. ಕವಿಯ ಪುಟ್ಟ ಭಾವಚಿತ್ರವನ್ನು ತೋರಿಸಿ ದೊಡ್ಡ ಬೆಲೆ ಹೇಳುತ್ತಾಳೆ. ಟೀನಾಳನ್ನು ಅವನೊಡನೆ ದೋಣಿಯಲ್ಲಿ ಪಿಯಾಜ಼ಾಕ್ಕೆ ಕಳುಹಿಸುತ್ತಾಳೆ. ಹಳೆಯ ಮನೆಯನ್ನು ಬಾಡಿಗೆಗೆ ಬಿಡುವವರ ಮನಸ್ಸಿನಲ್ಲಿ ದುರಾಸೆಯೂ ಮಮತೆಯೂ ಹೇಗೆ ಒಂದೇ ಹಗ್ಗದ ಎರಡು ಎಳೆಗಳಾಗಿ ಹೊಸೆದುಕೊಂಡಿರುತ್ತವೆ ಎಂಬುದನ್ನು ಇಷ್ಟು ನಿಷ್ಠುರವಾಗಿ, ಇಷ್ಟು ಕರುಣೆಯಿಂದ ತೋರಿಸಿದ ಕಥೆಗಳು ಕಡಿಮೆ. ಬಾಡಿಗೆದಾರನೊಬ್ಬನನ್ನೇ ಖಳನನ್ನಾಗಿ ಮಾಡಿ ಕೈತೊಳೆದುಕೊಳ್ಳಲು ಜೇಮ್ಸ್ ನಮಗೆ ಅವಕಾಶ ಕೊಡುವುದಿಲ್ಲ.

ಕಥೆಯ ನಿಜವಾದ ತಿರುಳು ಟೀನಾಳ ಮಾತಿನಲ್ಲಿದೆ. ನೆಂಟನಾದರೆ ಪತ್ರಗಳು ನಿನ್ನವು ಎಂದು ಆಕೆ ಹೇಳುವುದನ್ನು ಅನೇಕರು ವಯಸ್ಸು ಮೀರಿದ ಕನ್ಯೆಯ ಬಡಪಾಯಿತನವೆಂದು ಓದಿ ಮುಂದೆ ಹೋಗುತ್ತಾರೆ. ನನಗೆ ಅದು ಇಡೀ ಕೃತಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಮಾತಾಗಿ ಕಾಣುತ್ತದೆ. ಮನೆಯ ಗೋಡೆಗಳನ್ನು ಬಾಡಿಗೆಗೆ ಕೊಡಬಹುದು. ಮನೆಯ ಒಳಗಿನ ಬಾಳು, ಅದರ ನೆನಪು, ಅದರ ಗುಟ್ಟು ನಂಟಿನಿಂದ ಮಾತ್ರ ತೆರೆದುಕೊಳ್ಳುತ್ತವೆ. ನಂಟೆಂದರೆ ಹೊರೆ, ಋಣ. ಅನ್ನದ ಋಣ, ನೀರಿನ ಋಣ ಎಂದು ನಾವು ಹೇಳುವಾಗ ಅದರಲ್ಲಿ ತೀರಿಸಲಾಗದುದೇನೋ ಒಂದು ಉಳಿದಿದೆ ಎಂಬ ಅರ್ಥವಿರುತ್ತದೆ. ಬಾಡಿಗೆಯ ಗುಣ ಇದಕ್ಕೆ ನೇರ ವಿರುದ್ಧ. ಋಣವೇನೂ ಉಳಿಯದಂತೆ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುವ ಏರ್ಪಾಡು ಅದು. ಕಥೆಯ ಸಂಪಾದಕನು ಋಣವಿಲ್ಲದೆ ನಂಟಿನ ಫಲವನ್ನು ಬಯಸಿದ. ಒಲೆಯ ಬೂದಿ ಅವನ ಪಾಲಿಗೆ ಬಂತು. ಕೊನೆಗೆ ಭಾವಚಿತ್ರವನ್ನು ಮಾರಿದೆನೆಂದು ಸುಳ್ಳು ಬರೆದು ಟೀನಾಳಿಗೆ ಹಣ ಕಳುಹಿಸುತ್ತಾನೆ. ಚಿತ್ರ ಅವನ ಬರೆಯುವ ಮೇಜಿನ ಮೇಲುಗಡೆ ತೂಗುತ್ತಿದೆ. ಜೇಮ್ಸ್ ೧೯೦೮ರಲ್ಲಿ ತನ್ನ ಕೃತಿಗಳ ಪರಿಷ್ಕೃತ ಸಂಪುಟಗಳಿಗಾಗಿ ಈ ಕಥೆಯನ್ನು ತಿದ್ದಿದಾಗ ಕಡೆಯ ವಾಕ್ಯವನ್ನೂ ತಿದ್ದಿದ. ಅಲ್ಲಿ ಹೇಳುವವನು ತನಗಾದ ನಷ್ಟವನ್ನು ಸಹಿಸಲಾರೆನೆಂದು ಹೇಳಿ, ಆಮೇಲೆ ಅವಸರವಾಗಿ, ನಷ್ಟವೆಂದರೆ ಆ ಪತ್ರಗಳದು ಎಂದು ಸೇರಿಸುತ್ತಾನೆ. ಆ ಅವಸರದಲ್ಲಿಯೇ ಎಲ್ಲವೂ ಬಯಲಾಗುತ್ತದೆ.

ಕಥೆಯ ಬೀಜ ಜೇಮ್ಸನಿಗೆ ಸಿಕ್ಕಿದ್ದು ಫ್ಲಾರೆನ್ಸಿನಲ್ಲಿ, ೧೮೮೭ರ ಜನವರಿಯಲ್ಲಿ. ಬೈರನ್ನನ ಮಗಳಿಗೆ ತಾಯಿಯಾಗಿ, ಷೆಲ್ಲಿಯ ಮನೆಯಲ್ಲಿ ಬಾಳಿದ ಕ್ಲೇರ್ ಕ್ಲೇರ್ಮಾಂಟ್ ಮುಪ್ಪಿನಲ್ಲಿ ಆ ಊರಿನಲ್ಲಿದ್ದು ೧೮೭೯ರಲ್ಲಿ ತೀರಿಕೊಂಡಳು. ಷೆಲ್ಲಿಯ ಭಕ್ತನಾದ ಸಿಲ್ಸ್‌ಬೀ ಎಂಬ ನಾವಿಕ ಆಕೆಯ ಮನೆಯಲ್ಲಿ ಬಾಡಿಗೆಗೆ ನಿಂತು ಕಾಗದಪತ್ರಗಳಿಗಾಗಿ ಕಾದಿದ್ದನೆಂದೂ, ಸೋದರಸೊಸೆಯನ್ನು ಮದುವೆಯಾದರೆ ಅವು ಸಿಕ್ಕುವುವೆಂದು ತಿಳಿದಾಗ ಓಡಿಹೋದನೆಂದೂ ಜೇಮ್ಸ್ ಕೇಳಿದ. ಕೇಳಿದ್ದನ್ನು ಹಾಗೆಯೇ ಬರೆಯದೆ ವೆನಿಸ್ಸಿಗೆ ಸಾಗಿಸಿದ. ಗುರುತು ಮರೆಸುವುದು ಅದಕ್ಕೆ ಒಂದು ಕಾರಣವಿರಬಹುದು. ಆದರೆ ಸ್ಥಳದ ಈ ಬದಲಾವಣೆಯಲ್ಲಿ ಕಲೆಯ ಔಚಿತ್ಯವೂ ಇದೆ. ವೆನಿಸ್ಸಿಗೆ ಬರುವವರೆಲ್ಲರೂ ಅದರ ಗತಕಾಲವನ್ನು ಬಯಸಿ ಬರುತ್ತಾರೆ. ಆ ಊರೇ ಒಬ್ಬ ಜೂಲಿಯಾನ. ಕಣ್ಣಿಗೆ ಮರೆ ಕಟ್ಟಿಕೊಂಡು, ಬಂದವರೊಡನೆ ಬಾಡಿಗೆ ಚೌಕಾಸಿ ಮಾಡುತ್ತ, ಹಾಸಿಗೆಯ ಕೆಳಗೆ ತನ್ನ ಪತ್ರಗಳನ್ನು ಬಚ್ಚಿಟ್ಟುಕೊಂಡ ಮುದುಕಿ.

ಜೇಮ್ಸನಿಗೆ ಈ ವಿಷಯ ಹೊರಗಿನದಾಗಿರಲಿಲ್ಲ. ೧೮೮೧ರಲ್ಲಿ ಅವನು ವೆನಿಸ್ಸಿನ ರೀವಾ ದೆಲ್ಯಿ ಸ್ಕಿಯಾವೋನಿ ಎಂಬ ಕಡಲಂಚಿನ ಬೀದಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದು 'ದಿ ಪೋರ್ಟ್ರೇಟ್ ಆಫ್ ಎ ಲೇಡಿ' ಕಾದಂಬರಿಯನ್ನು ಬರೆಯುತ್ತಿದ್ದ. ಮರುವರ್ಷ ಆ ಊರಿನ ಮೇಲೆ ಬರೆದ ಪ್ರಬಂಧದಲ್ಲಿ, ಪ್ರವಾಸಿಗೆ ವೆನಿಸ್ಸಿನ ಬಗೆಗಿರುವ ಒಂದೇ ದೂರೆಂದರೆ ಅಲ್ಲಿ ತನ್ನಂಥ ಪ್ರವಾಸಿಗಳು ಬಹಳವಾಗಿದ್ದಾರೆ ಎಂಬುದೇ ಎಂದು ನಗೆಯಾಡಿದ. ಇಂದಿಗೂ ಹಳೆಯ ಕೇರಿಯ ಮನೆಯಲ್ಲಿ ಇಳಿದವರು ಪಕ್ಕದ ಮನೆಯಲ್ಲಿಯೂ ತಮ್ಮಂತಹವರೇ ಇಳಿದಿರುವುದನ್ನು ಕಂಡು ಮುಖ ಸಿಂಡರಿಸುವುದುಂಟು. ಆ ಸಿಂಡರಿಕೆಯ ಹಾಸ್ಯವನ್ನು ಜೇಮ್ಸ್ ೧೮೮೨ರಲ್ಲಿಯೇ ಕಂಡಿದ್ದ.

ಕಥೆಯ ಸತ್ಯವನ್ನು ಈಗ ಊರಿನ ಮೇಲೆ ಒರೆಹಚ್ಚಿ ನೋಡೋಣ.

ವೆನಿಸ್ಸಿನ ದ್ವೀಪನಗರದಲ್ಲಿ ೧೯೫೧ರಲ್ಲಿ ಸುಮಾರು ೧,೭೫,೦೦೦ ಜನ ಒಕ್ಕಲಿದ್ದರು. ೨೦೦೯ರಲ್ಲಿ ಅದು ೬೦,೦೦೦ಕ್ಕಿಂತ ಕೆಳಗೆ ಇಳಿದಾಗ ಊರಿನವರೇ ಕಾಲುವೆಯಲ್ಲಿ ದೋಣಿಯ ಮೇಲೆ ಶವಪೆಟ್ಟಿಗೆ ಇಟ್ಟು ತಮ್ಮ ನಗರದ ಅಣಕು ಉತ್ತರಕ್ರಿಯೆ ನಡೆಸಿದರು. ೨೦೨೨ರಲ್ಲಿ ಸಂಖ್ಯೆ ೫೦,೦೦೦ಕ್ಕಿಂತ ಕಡಿಮೆಯಾಯಿತು. ರಿಯಾಲ್ಟೋ ಸೇತುವೆಯ ಹತ್ತಿರದ ಒಂದು ಔಷಧದಂಗಡಿಯವರು ೨೦೦೮ರಿಂದ ಕಿಟಕಿಯ ಗಾಜಿನೊಳಗೆ ಉಳಿದ ಒಕ್ಕಲಿನ ಸಂಖ್ಯೆಯನ್ನು ದೀಪದ ಅಂಕಿಗಳಲ್ಲಿ ತೋರಿಸತೊಡಗಿದರು. ೨೦೨೩ರಲ್ಲಿ ಸಾಂತಾ ಮಾರ್ಗರೀತಾ ಚೌಕದ ಒಂದು ಪುಸ್ತಕದಂಗಡಿಯಲ್ಲಿ ಇನ್ನೊಂದು ಫಲಕ ಬಂತು. ಅದು ಪ್ರವಾಸಿಗಳಿಗಾಗಿ ಇರುವ ಹಾಸಿಗೆಗಳ ಸಂಖ್ಯೆಯನ್ನು ತೋರಿಸಿತು. ಅದೇ ವರ್ಷ ಎರಡನೆಯ ಅಂಕಿ ಮೊದಲನೆಯದನ್ನು ದಾಟಿತು. ಬಿಡಾರವು ಒಕ್ಕಲನ್ನು ಮೀರಿತು. ಔಷಧದಂಗಡಿಯ ಅಂಕಿ, ಪುಸ್ತಕದಂಗಡಿಯ ಅಂಕಿ, ಇವೆರಡನ್ನೂ ಒಟ್ಟಿಗೆ ಓದಿದವರಿಗೆ ಬೇರೆ ಕರುಣರಸದ ಕಾವ್ಯ ಬೇಕಾಗಲಾರದು.

ಇಲ್ಲಿ ನ್ಯಾಯವನ್ನು ಬಿಡಬಾರದು. ಒಕ್ಕಲು ಕರಗಿದ್ದಕ್ಕೆ ರಜೆಯ ಬಾಡಿಗೆಯೊಂದೇ ಕಾರಣವೆನ್ನುವುದು ಇತಿಹಾಸಕ್ಕೆ ಒಪ್ಪುವುದಿಲ್ಲ. ಜನ ಇಳಿಮುಖವಾಗತೊಡಗಿದ್ದು ಏರ್‌ಬಿಎನ್‌ಬಿ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ. ತೇವ ಹತ್ತಿದ ಗೋಡೆಗಳ ನೆಲ ಅಂತಸ್ತಿನಲ್ಲಿ ಇಕ್ಕಟ್ಟಾಗಿ ಬಾಳುತ್ತಿದ್ದ ಬಡವರಿಗೆ ಎದುರಿನ ನೆಲದಲ್ಲಿ ಬೆಳೆದ ಮೆಸ್ತ್ರೆ ಊರು ಒಣಗಿದ ಮನೆಯನ್ನೂ, ಮಾರ್ಗೇರಾ ಕೈಗಾರಿಕಾ ಬಂದರು ಕೆಲಸವನ್ನೂ ಕೊಟ್ಟವು. ೧೯೬೬ರ ನವೆಂಬರ್ ೪ರಂದು ಸಮುದ್ರದ ನೀರು ೧೯೪ ಸೆಂಟಿಮೀಟರ್ ಮಟ್ಟಕ್ಕೆ ಏರಿ ಊರನ್ನು ಮುಳುಗಿಸಿದ ಮೇಲೆ ನೆಲ ಅಂತಸ್ತಿನವರು ಮತ್ತಷ್ಟು ಬೇಗ ಹೊರಟರು. ಆದ್ದರಿಂದ ರಜೆಯ ಬಾಡಿಗೆ ಒಕ್ಕಲನ್ನು ಮೊದಲು ಎಬ್ಬಿಸಿತೆನ್ನುವುದಕ್ಕಿಂತ, ಎದ್ದವರು ಮರಳುವ ದಾರಿಯನ್ನು ಮುಚ್ಚಿತು, ಉಳಿದವರ ಕಾಲಿನ ಕೆಳಗಿನ ಚಾಪೆಯನ್ನು ಎಳೆಯಿತು ಎನ್ನುವುದು ಸರಿ. ತಿಂಗಳಿಗೆ ಒಬ್ಬ ಶಿಕ್ಷಕನೋ ದಾದಿಯೋ ಕೊಡಬಲ್ಲ ಬಾಡಿಗೆಯನ್ನು ಪ್ರವಾಸಿಗಳು ಕೆಲವೇ ರಾತ್ರಿಗಳಲ್ಲಿ ಕೊಟ್ಟು ಹೋಗುವಾಗ, ಶಿಕ್ಷಕನಿಗೆ ಮನೆ ಕೊಡು ಎಂದು ಒಡೆಯನಿಗೆ ಹೇಳುವವರು ಯಾರು? ಆ ಒಡೆಯನೂ ಅನೇಕ ವೇಳೆ ಊರಿನವನೇ. ಅಜ್ಜಿಯ ಮನೆಯನ್ನು ಬಿಡಾರಕ್ಕೆ ಕೊಟ್ಟು, ಬಂದ ಹಣದಲ್ಲಿ ತಾನು ಮೆಸ್ತ್ರೆಯಲ್ಲಿ ಸಂಸಾರ ಹೂಡಿದವನು. ಜೂಲಿಯಾನಳಂತೆ ಅವನಿಗೂ ಒಬ್ಬ ಟೀನಾ ಇದ್ದಾಳೆ. ಅವಳ ಭವಿಷ್ಯದ ಚಿಂತೆ ಅವನಿಗೂ ಇದೆ. ೨೦೨೨ರಲ್ಲಿ ಇಟಲಿಯ ಸಂಸತ್ತು ಇಂಥ ಬಾಡಿಗೆಗಳ ಮೇಲೆ ಮಿತಿ ವಿಧಿಸುವ ಅಧಿಕಾರವನ್ನು ವೆನಿಸ್ ನಗರಸಭೆಗೆ ಕೊಟ್ಟಿತು. ೨೦೨೪ರ ಏಪ್ರಿಲ್ ೨೫ರಿಂದ ಕೆಲವು ನಿಗದಿಯಾದ ದಿನಗಳಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗುವವರಿಂದ ನಗರಸಭೆ ೫ ಯೂರೋ ಪ್ರವೇಶ ಶುಲ್ಕ ವಸೂಲು ಮಾಡತೊಡಗಿತು. ರಾತ್ರಿ ತಂಗುವವರು ಬೇರೆ ತೆರಿಗೆ ಕೊಡುವುದರಿಂದ ಅವರಿಗೆ ವಿನಾಯಿತಿ ಇತ್ತು. ಹೊಸ್ತಿಲಲ್ಲಿ ನಿಂತು ನೋಡಿ ಹೋಗುವವನಿಗೆ ಸುಂಕ, ಹಾಸಿಗೆಯನ್ನೇ ಹಿಡಿದವನಿಗೆ ಸುಂಕದ ಚೀಟಿಯಿಲ್ಲ! ಜೇಮ್ಸ್ ಇದ್ದಿದ್ದರೆ ಈ ವಿಪರ್ಯಾಸವನ್ನು ಬಿಡುತ್ತಿರಲಿಲ್ಲ.

ವೆನಿಸ್ಸಿನಲ್ಲಿ ಬಾಡಿಗೆಗೆ ನಿಂತು ಬರೆದ ಬೇರೆಯವರೂ ಇದ್ದಾರೆ. ಅವರೊಡನೆ ಹೋಲಿಸಿದರೆ ಜೇಮ್ಸನ ಹೆಚ್ಚಳವೂ ಕೊರತೆಯೂ ತಿಳಿಯುತ್ತವೆ. ವಿಲಿಯಂ ಡೀನ್ ಹೋವೆಲ್ಸ್ ೧೮೬೧ರಿಂದ ೧೮೬೫ರವರೆಗೆ ಅಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ. ಅವನ 'ವೆನಿಷಿಯನ್ ಲೈಫ್' ೧೮೬೬ರಲ್ಲಿ ಹೊರಬಂತು. ಹೊಸದಾಗಿ ಮದುವೆಯಾದ ದಂಪತಿಗಳು ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಸಂಗತಿಗೆ ಅದರಲ್ಲಿ ಒಂದು ಅಧ್ಯಾಯವೇ ಮೀಸಲು. ಚಳಿಗಾಲದ ಕೊರೆತ, ಸಂತೆಯ ಚೌಕಾಸಿ, ಜೊವಾನ್ನಾ ಎಂಬ ಕೆಲಸದವಳು, ಅವಳ ಬಂಧುಬಳಗ, ಎಲ್ಲವೂ ಅಲ್ಲಿ ಜೀವಂತ. ಶೈಲಿಯ ಬೆಡಗಿನಲ್ಲಿ ಅದು ಜೇಮ್ಸನಿಗೆ ಸಮವಲ್ಲ. ಆದರೆ ನಾಲ್ಕು ವರ್ಷದ ಅಡಿಗೆಮನೆಯ ಹೊಗೆ ಆ ಪುಟಗಳಲ್ಲಿದೆ. ಬಿಡಾರ ಹೂಡಲು ಬಂದವನು ಮೆಲ್ಲಗೆ ಒಕ್ಕಲಾಗುತ್ತ ಹೋದುದರ ದಾಖಲೆ ಅದು. ಮೇರಿ ಮೆಕಾರ್ಥಿ ೧೯೫೬ರ 'ವೆನಿಸ್ ಅಬ್ಸರ್ವ್‌ಡ್' ಗ್ರಂಥದಲ್ಲಿ ತಾನು ಹಿಡಿದ ಬಾಡಿಗೆ ಮನೆಯನ್ನೂ ಅದರ ಒಡತಿಯನ್ನೂ ಚುರುಕಾದ ಹಾಸ್ಯದಿಂದ ಚಿತ್ರಿಸುತ್ತಾಳೆ. ಹಾಸ್ಯ ಒಮ್ಮೊಮ್ಮೆ ಮುಳ್ಳಾದರೂ ಮನೆಗೆ ಒಡತಿಯೊಬ್ಬಳಿದ್ದಾಳೆ ಎಂಬುದು ಓದುಗನಿಗೆ ಎಂದೂ ಮರೆಯುವುದಿಲ್ಲ. ರಷ್ಯದಿಂದ ಗಡೀಪಾರಾದ ಕವಿ ಜೋಸೆಫ್ ಬ್ರಾಡ್‌ಸ್ಕಿ ವೆನಿಸ್ಸಿಗೆ ಮತ್ತೆ ಮತ್ತೆ ಹೋದದ್ದು ಚಳಿಗಾಲದಲ್ಲಿ, ಪ್ರವಾಸಿಗಳು ತೊಲಗಿದ ಮೇಲೆ. ೧೯೯೨ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ವಾಟರ್‌ಮಾರ್ಕ್' ಎಂಬ ಗದ್ಯಕೃತಿಯಲ್ಲಿ ಆ ಊರಿನ ನೀರಿಗೂ ಮಂಜಿಗೂ ಅವನು ತನ್ನನ್ನು ಒಪ್ಪಿಸಿಕೊಂಡ. ೧೯೯೬ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡವನ ದೇಹ ಕೊನೆಗೆ ವೆನಿಸ್ಸಿನ ಸಾನ್ ಮಿಕೇಲೆ ದ್ವೀಪದ ಸ್ಮಶಾನವನ್ನು ಸೇರಿತು. ಬಿಡಾರದವನು ಒಕ್ಕಲಾಗುವ ಅತ್ಯಂತ ಖಚಿತವಾದ ದಾರಿ ಅದೊಂದೇ ಏನೋ!

ಇವರ ಪಕ್ಕದಲ್ಲಿ ಜೇಮ್ಸನ ಕೊರತೆ ಎದ್ದುಕಾಣುತ್ತದೆ. ಅವನ ಕಥೆಯಲ್ಲಿ ವೆನಿಸ್ಸಿನ ಒಕ್ಕಲೇ ಇಲ್ಲ. ಸಂಪಾದಕ ಅಮೆರಿಕದವನು, ಜೂಲಿಯಾನ, ಟೀನಾ ಬಹುಕಾಲದಿಂದ ಇಟಲಿಯಲ್ಲಿದ್ದರೂ ಮೂಲದಲ್ಲಿ ಅಮೆರಿಕದವರೇ. ಊರಿನವರೆಂದು ಬರುವವರು ಕೆಂಚುಗೂದಲಿನ ಕೆಲಸದ ಹುಡುಗಿ, ಆಳು, ಅಂಬಿಗ, ತೋಟಗಾರ ಇಷ್ಟೇ. ಪರದೇಶದವನೊಬ್ಬ ಪರದೇಶದವಳ ಮನೆಯಲ್ಲಿ ಬಾಡಿಗೆಗೆ ನಿಂತು ಪರದೇಶದ ಕವಿಯ ಪತ್ರಗಳಿಗೆ ಹೊಂಚುಹಾಕುವಾಗ ಕಾಲುವೆಯ ಆಚೆಯ ದಡದಲ್ಲಿ ಬಟ್ಟೆ ಒಣಹಾಕುವ ಹೆಂಗಸಿಗೆ ಏನು ಕಂಡಿತು ಎಂಬುದನ್ನು ಜೇಮ್ಸ್ ಕೇಳಲಿಲ್ಲ. ಬಾಡಿಗೆದಾರನ ಮನಸ್ಸನ್ನು ಅಷ್ಟು ಆಳವಾಗಿ ಬಗೆದ ಲೇಖಕನ ದೃಷ್ಟಿ ಮನೆಯ ಹೊರಗೋಡೆಯನ್ನು ದಾಟಲಿಲ್ಲ. ಇದನ್ನು ದೋಷವೆಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಈ ದೋಷವೇ ಈಗ ಒಂದು ಭವಿಷ್ಯವಾಣಿಯಂತೆಯೂ ಓದಿಸಿಕೊಳ್ಳುತ್ತದೆ. ಕಲ್ಲಿನ ಸೇತುವೆಗಳ ಮೇಲೆ ಚಕ್ರದ ಪೆಟ್ಟಿಗೆಗಳು ಕಡಕಡ ಸದ್ದು ಮಾಡುತ್ತ ಹತ್ತಿ ಇಳಿಯುತ್ತವೆ. ಎಷ್ಟೋ ಬಾಗಿಲುಗಳ ಪಕ್ಕದ ಪುಟ್ಟ ಡಬ್ಬಿಯಲ್ಲಿ ಗುಟ್ಟಿನ ಅಂಕಿ ಒತ್ತಿದರೆ ಬೀಗದಕೈ ಸಿಗುತ್ತದೆ. ಕೊಡುವ ಕೈಯೇ ಇಲ್ಲ. ಒಡತಿಯೂ ಇಲ್ಲದ, ಚೌಕಾಸಿಯೂ ಇಲ್ಲದ, ರಾತ್ರಿ ಎದ್ದು ಬಂದು 'ಏನು ಹುಡುಕುತ್ತಿದ್ದೀಯೆ?' ಎಂದು ಕಣ್ಣಿಟ್ಟು ನೋಡುವ ಜೂಲಿಯಾನಳೂ ಇಲ್ಲದ ಮನೆ ಅದು. ಮೇಜಿನ ಖಾನೆಗಳನ್ನೆಲ್ಲ ತೆರೆದು ನೋಡಬಹುದು. ಒಳಗೆ ಪತ್ರಗಳೇ ಇರುವುದಿಲ್ಲ.

ಹಾಗಾದರೆ ಹಳೆಯ ಊರುಗಳಿಗೆ ಹೋಗಲೇಬಾರದೆ, ಮನೆ ಹಿಡಿಯಲೇಬಾರದೆ ಎಂದು ವಾಚಕರು ಕೇಳಬಹುದು. ವಿಮರ್ಶಕನಿಗೆ ಯಾತ್ರೆಯನ್ನು ನಿಷೇಧಿಸುವ ಅಧಿಕಾರವಿಲ್ಲ. ನನಗೆ ಆ ಇಚ್ಛೆಯೂ ಇಲ್ಲ. ಕಥೆಯೇ ಕೆಲವು ವಿವೇಕಗಳನ್ನು ಹೇಳಿಕೊಡುತ್ತದೆ. ಬಂದದ್ದು ಏತಕ್ಕೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ಮೊದಲನೆಯದು. ನೋಡಲು ಬಂದವನು ನೋಡಲು ಬಂದೆನೆನ್ನಲಿ. ಬಾಳಲು ಬಂದೆನೆಂಬ ಸೋಗು ಬೇಡ. ಒಡೆಯನೋ ಒಡತಿಯೋ ಅದೇ ಸೂರಿನ ಕೆಳಗೆ ಇದ್ದು ಒಂದು ಕೋಣೆಯನ್ನು ಬಿಟ್ಟುಕೊಡುವ ಮನೆ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳುವುದು ಎರಡನೆಯದು. ಅಂಥ ಬಾಡಿಗೆ ಒಕ್ಕಲನ್ನು ಎಬ್ಬಿಸುವುದಿಲ್ಲ, ಉಳಿಯಲು ಊರುಗೋಲಾಗುತ್ತದೆ. ಅಂಥ ಮನೆಯಲ್ಲಿ ಸ್ವಲ್ಪ ಸಂಕೋಚ, ಸ್ವಲ್ಪ ಕಟ್ಟುಪಾಡು, ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವ ಕಿರಿಕಿರಿ ಎಲ್ಲವೂ ಇರುತ್ತವೆ. ಆ ಕಿರಿಕಿರಿಯೇ ಅಲ್ಲಿ ಇನ್ನೂ ಬಾಳು ನಡೆಯುತ್ತಿದೆ ಎಂಬುದರ ಗುರುತು.

ಮೂರನೆಯ ವಿವೇಕವನ್ನು ಜೇಮ್ಸ್ ಕಥೆಯ ತೋಟದಲ್ಲಿ ಬಚ್ಚಿಟ್ಟಿದ್ದಾನೆ. ಸಂಪಾದಕನಿಗೆ ತೋಟ ಬೇಕಾಗಿರಲಿಲ್ಲ. ಅದು ಬರಿಯ ನೆಪ. ಆದರೆ ನೆಪವನ್ನು ನಿಜವೆಂದು ತೋರಿಸಬೇಕಲ್ಲವೇ? ಅವನು ತೋಟಗಾರನನ್ನು ನೇಮಿಸಿದ. ಕಾಡುಬಿದ್ದ ನೆಲವನ್ನು ಸರಿಮಾಡಿಸಿದ. ಹೂವುಗಳನ್ನು ಹೆಂಗಸರ ಕೋಣೆಗೆ ಕಳುಹಿಸಿದ. ಬೇಸಿಗೆಯ ಸಂಜೆಗಳಲ್ಲಿ ಅಲ್ಲಿಯೇ ಕುಳಿತ. ವರ್ಷಗಟ್ಟಲೆ ಹೊರಬಾರದಿದ್ದ ಟೀನಾ ಇಳಿದು ಬಂದು ಅವನೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದು ಆ ತೋಟದಲ್ಲಿ. ಇಡೀ ಕಥೆಯಲ್ಲಿ ಅವನು ಮಾಡಿದ ಒಕ್ಕಲಿನ ಕೆಲಸವೆಂದರೆ ಅದೊಂದೇ. ಅದನ್ನೂ ಸುಳ್ಳಿಗಾಗಿ ಮಾಡಿದ. ಪತ್ರಗಳ ಆಸೆಯಲ್ಲಿ ಕುರುಡಾಗಿದ್ದ ಅವನಿಗೆ ತಾನು ನೆಟ್ಟ ಹೂವುಗಳೇ ಆ ಮನೆ ತನಗೆ ಕೊಡಬಲ್ಲ ಉಡುಗೊರೆಯೆಂಬುದು ತಿಳಿಯಲಿಲ್ಲ. ತೋಟಕ್ಕಾಗಿಯೇ ಬಂದೆನೆಂದು ಅವನು ಹೇಳಿದ ಸುಳ್ಳು ನಿಜವಾಗಿದ್ದರೆ ಅವನು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಟೀನಾ ಏನನ್ನೂ ಸುಡುತ್ತಿರಲಿಲ್ಲ.